ಮೋಟರ್ ಬದಲಿಸುವ ಮೊದಲು: ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಡ್ರೈವ್ ಮೋಟರ್ ಸೆನ್ಸರ್ ದೋಷವನ್ನು ಪತ್ತೆ ಹಚ್ಚುವ ಕ್ರಮ

ಕಳೆದ ಬೇಸಿಗೆಯಲ್ಲಿ ಗದಗಿನ ಕಾಳಿನ ವ್ಯಾಪಾರಿಯೊಬ್ಬರು ತಮ್ಮ ಹೈಬ್ರಿಡ್ ಕಾರನ್ನು ಫ್ಲಾಟ್‌ಬೆಡ್ ಗಾಡಿಯ ಮೇಲೆ ಹೇರಿಕೊಂಡು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ವರ್ಕ್‌ಶಾಪಿಗೆ ಬಂದರು. “ಮುಂಜಾನೆ ಛಲೋ ಓಡತೈತ್ರಿ ಸರ, ಬಿಸಲ ಏರಿತಂದ್ರ ಲೈಟ್ ಹತ್ತತಾವ, ಆಮ್ಯಾಲೆ ಗಾಡಿ ಜಗ್ಗಂಗಿಲ್ರಿ” ಎಂದು ಅವರು ಹೇಳಿದ ಮಾತಿನಲ್ಲಿಯೇ ದೋಷದ ಅರ್ಧ ಸುಳಿವು ಇತ್ತು. ಅದಕ್ಕೂ ಮೊದಲು ಅವರು ತೋರಿಸಿದ್ದ ಇನ್ನೊಂದು ಕಡೆಯಲ್ಲಿ ಸ್ಕ್ಯಾನರ್ ಹಚ್ಚಿ, ಪಿ0ಎ3ಎಫ್ ಎಂಬ ದೋಷ ಸಂಕೇತವನ್ನು ಓದಿ, ಸೆನ್ಸರ್ ಮೋಟರಿನ ಒಳಗೇ ಕೂತಿರುವುದರಿಂದ ಮೋಟರೂ ಗೇರ್‌ಬಾಕ್ಸೂ ಸೇರಿದ ಇಡೀ ಘಟಕವನ್ನೇ ಬದಲಿಸಬೇಕು ಎಂದು ಲಕ್ಷಗಳ ಅಂದಾಜು ಪಟ್ಟಿ ಬರೆದುಕೊಟ್ಟಿದ್ದರು. ಕೊನೆಗೆ ಆ ಕಾರಿನಲ್ಲಿ ನಾವು ಬದಲಿಸಿದ್ದು ಕನೆಕ್ಟರಿನ ಒಂದು ಪಿನ್ ಮಾತ್ರ. ಅಲ್ಲಿಯವರೆಗೆ ಹೇಗೆ ಹೋದೆವು, ಯಾವ ಅಳತೆಯನ್ನು ಯಾವುದರ ನಂತರ ತೆಗೆದೆವು ಎಂಬುದನ್ನು ಇದೇ ಕೆಲಸ ಮಾಡುವವರಿಗೆ ಉಪಯೋಗವಾಗಲೆಂದು ವಿವರವಾಗಿ ಬರೆಯುತ್ತಿದ್ದೇನೆ.

ಸಂಕೇತ ಏನು ಹೇಳುತ್ತದೆ

ಪಿ ಅಕ್ಷರದ ನಂತರ ಸೊನ್ನೆ ಇದ್ದರೆ ಅದು ಎಲ್ಲ ಕಂಪನಿಗಳಿಗೂ ಸಮಾನವಾದ ಸಂಕೇತ. ಪಿ0ಎ3ಎಫ್ ಎಂದರೆ ಡ್ರೈವ್ ಮೋಟರ್ ‘ಎ’ ಸ್ಥಾನ ಸೆನ್ಸರಿನ ಸರ್ಕ್ಯೂಟ್. ಅದರ ಮುಂದಿನ ಪಿ0ಎ40 ಸಂಕೇತವು ಸಿಗ್ನಲ್ ಬರುತ್ತಿದ್ದರೂ ಅದು ನಂಬುವಂತಿಲ್ಲ ಎಂಬುದನ್ನು, ಪಿ0ಎ41 ಸಿಗ್ನಲ್ ತೀರ ಕಡಿಮೆ ಇರುವುದನ್ನು, ಪಿ0ಎ42 ತೀರ ಹೆಚ್ಚು ಇರುವುದನ್ನು, ಪಿ0ಎ43 ಆಗಾಗ ಬಂದು ಹೋಗುವುದನ್ನು ಸೂಚಿಸುತ್ತವೆ. ಹೈಬ್ರಿಡ್ ಕಾರಿನ ಜನರೇಟರಿನ ಸ್ಥಾನ ಸೆನ್ಸರಿಗೆ ಪಿ0ಎ4ಬಿ ಎಂಬ ಪ್ರತ್ಯೇಕ ಸಂಕೇತವಿದೆ. ಮೋಟರಿನ ಉಷ್ಣತಾ ಸೆನ್ಸರಿಗೆ ಪಿ0ಎ2ಎ ಯಿಂದ ಪಿ0ಎ2ಇ ವರೆಗಿನ ಸಾಲು ಇದೆ. ಇವುಗಳಲ್ಲಿ ಬಹುತೇಕ ಸಂಕೇತಗಳ ಹೆಸರಿನಲ್ಲಿ ‘ಸರ್ಕ್ಯೂಟ್’ ಎಂಬ ಶಬ್ದವಿದೆ ಎನ್ನುವುದನ್ನು ಗಮನಿಸಬೇಕು. ಸರ್ಕ್ಯೂಟ್ ಎಂದರೆ ಸೆನ್ಸರ್, ಅದರ ಎರಡೂ ತುದಿಯ ಕನೆಕ್ಟರುಗಳು, ನಡುವಿನ ವೈರುಗಳು, ವೈರಿನ ಮೇಲಿನ ಶೀಲ್ಡ್ (ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುವ ಲೋಹದ ಹೊದಿಕೆ), ಸಿಗ್ನಲನ್ನು ಓದುವ ಕಂಟ್ರೋಲ್ ಯೂನಿಟ್, ಇಷ್ಟೂ ಸೇರಿ ಆಗುವ ಒಂದು ಸುತ್ತು. ಇವುಗಳಲ್ಲಿ ತಾಮ್ರದ ಸುರುಳಿ ಮತ್ತು ಕಬ್ಬಿಣದ ತಗಡುಗಳಿಂದ ಮಾಡಿದ ಸೆನ್ಸರೇ ಎಲ್ಲಕ್ಕಿಂತ ಗಟ್ಟಿಯಾದ ಭಾಗವಾಗಿದ್ದು, ನನ್ನ ಕೈಗೆ ಬಂದ ಗಾಡಿಗಳಲ್ಲಿ ದೋಷ ಹೆಚ್ಚಾಗಿ ಸಿಕ್ಕಿದ್ದು ವೈರು ಮತ್ತು ಕನೆಕ್ಟರುಗಳಲ್ಲಿ.

ಮೋಟರಿನ ಸ್ಥಾನ ಸೆನ್ಸರಿನ ಹೆಸರು ರಿಸಾಲ್ವರ್. ಅದರಲ್ಲಿ ಮೂರು ಸುರುಳಿಗಳಿರುತ್ತವೆ. ಕಂಟ್ರೋಲ್ ಯೂನಿಟ್ ಒಂದು ಸುರುಳಿಗೆ ಸಾಮಾನ್ಯವಾಗಿ 10 ಕಿಲೋಹರ್ಟ್ಸ್ ಆಸುಪಾಸಿನ, ಕೆಲವೇ ವೋಲ್ಟ್‌ಗಳ ಎಸಿ ಕೊಡುತ್ತದೆ. ಇದು ಪ್ರಚೋದಕ ಸುರುಳಿ. ಉಳಿದೆರಡು ಸುರುಳಿಗಳು ಒಂದಕ್ಕೊಂದು 90 ಡಿಗ್ರಿ ವ್ಯತ್ಯಾಸದಲ್ಲಿ ಕೂತಿರುವುದರಿಂದ ಒಂದರಲ್ಲಿ ಸೈನ್, ಇನ್ನೊಂದರಲ್ಲಿ ಕೊಸೈನ್ ಸಿಗ್ನಲ್ ಹುಟ್ಟುತ್ತದೆ. ಮೋಟರಿನ ಶಾಫ್ಟಿಗೆ ಕೂಡಿಸಿದ ಅಂಡಾಕಾರದ ತಗಡಿನ ರೋಟರ್ ತಿರುಗಿದಂತೆ ಸುರುಳಿಗೂ ಅದಕ್ಕೂ ನಡುವಿನ ಗಾಳಿಯ ಅಂತರ ಬದಲಾಗಿ, ಈ ಎರಡು ಸಿಗ್ನಲ್‌ಗಳ ಎತ್ತರ ಏರಿಳಿಯುತ್ತದೆ. ಎರಡನ್ನೂ ಹೋಲಿಸಿ ರೋಟರ್ ಯಾವ ಕೋನದಲ್ಲಿದೆ ಎಂಬುದನ್ನು ಕಂಟ್ರೋಲ್ ಯೂನಿಟ್ ಲೆಕ್ಕ ಹಾಕುತ್ತದೆ. ಶಾಶ್ವತ ಅಯಸ್ಕಾಂತದ ಮೋಟರಿನಲ್ಲಿ ಯಾವ ಫೇಸಿಗೆ ಯಾವ ಕ್ಷಣದಲ್ಲಿ ಕರೆಂಟ್ ಕೊಡಬೇಕೆಂಬುದು ಈ ಕೋನದ ಮೇಲೆಯೇ ನಿಂತಿದೆ. ಕೋನ ತಪ್ಪಿದರೆ ಗಾಡಿ ಜಗ್ಗುವುದಿಲ್ಲ, ನಡುಗುತ್ತದೆ, ಅಥವಾ ಬೇಡವಾದ ದಿಕ್ಕಿನಲ್ಲಿ ಬಲ ಹುಟ್ಟುವ ಅಪಾಯವಿರುತ್ತದೆ. ಆದ್ದರಿಂದಲೇ ಸಿಗ್ನಲ್ ಕ್ಷಣಮಾತ್ರ ತಪ್ಪಿದರೂ ಕಂಟ್ರೋಲ್ ಯೂನಿಟ್ ಮೋಟರನ್ನು ಬಂದ್ ಮಾಡುತ್ತದೆ.

ಕೈ ಹಾಕುವ ಮೊದಲು

ರಿಸಾಲ್ವರಿನ ವೈರುಗಳಲ್ಲಿ ಹರಿಯುವುದು ಸಣ್ಣ ವೋಲ್ಟೇಜ್ ನಿಜ, ಆದರೆ ಅದರ ಕನೆಕ್ಟರ್ ಇರುವುದು ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್‌ಗಳ ಮಗ್ಗುಲಲ್ಲಿಯೇ. 60 ವೋಲ್ಟ್ ಡಿಸಿ ದಾಟಿದ್ದನ್ನೆಲ್ಲ ಪ್ರಾಣಾಪಾಯಕಾರಿ ಎಂದು ಎಣಿಸಬೇಕು, ಈ ಕಾರುಗಳಲ್ಲಿಯೋ ಅದು ನೂರಾರು ವೋಲ್ಟ್ ಇರುತ್ತದೆ. ಇಗ್ನಿಷನ್ ಬಂದ್ ಮಾಡಿ, ಸ್ಮಾರ್ಟ್ ಕೀಯನ್ನು ಗಾಡಿಯಿಂದ ದೂರ ಇಟ್ಟು, ಆ ಗಾಡಿಯ ಕೈಪಿಡಿ ಹೇಳಿದ ಕ್ರಮದಲ್ಲಿ 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚಿ ಸರ್ವಿಸ್ ಪ್ಲಗ್ಗನ್ನು (ಹೈವೋಲ್ಟೇಜ್ ಬ್ಯಾಟರಿಯ ಸುತ್ತನ್ನು ಕಡಿಯುವ ಪ್ಲಗ್) ಕಿತ್ತು, ಆ ಪ್ಲಗ್ಗನ್ನು ಕೆಲಸ ಮಾಡುವವನೇ ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಬ್ಯಾಟರಿಯ ಡಿಸಿಯನ್ನು ಮೋಟರಿಗೆ ಬೇಕಾದ ಎಸಿಯಾಗಿ ಬದಲಿಸುವ ಇನ್ವರ್ಟರಿನ ಕೆಪಾಸಿಟರುಗಳು ಖಾಲಿಯಾಗಲು ಕನಿಷ್ಠ 10 ನಿಮಿಷ, ಕೈಪಿಡಿ ಹೆಚ್ಚು ಹೇಳಿದ್ದರೆ ಅಷ್ಟು ಹೊತ್ತು, ಕಾಯಬೇಕು. 1000 ವೋಲ್ಟ್‌ಗೆ ಯೋಗ್ಯವಾದ ರಬ್ಬರ್ ಕೈಗವಸುಗಳನ್ನು ಹಾಕಿಕೊಳ್ಳುವ ಮೊದಲು ಅವುಗಳೊಳಗೆ ಗಾಳಿ ತುಂಬಿ, ಬಾಯಿಯನ್ನು ಸುತ್ತಿ ಹಿಡಿದು, ಎಲ್ಲಿಯಾದರೂ ಸೋರುತ್ತದೆಯೇ ಎಂದು ನೋಡಬೇಕು. ಸೂಜಿಮೊನೆಯಷ್ಟು ತೂತು ಇದ್ದರೂ ಆ ಕೈಗವಸು ಕೆಲಸಕ್ಕೆ ಬಾರದು. ಇನ್ವರ್ಟರಿನ ಟರ್ಮಿನಲ್‌ಗಳಲ್ಲಿ ವೋಲ್ಟೇಜ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವಾಗ ಮೀಟರನ್ನು ಮೊದಲು 12 ವೋಲ್ಟ್ ಬ್ಯಾಟರಿಯ ಮೇಲೆ ಇಟ್ಟು ಅದು ಸರಿಯಾಗಿ ಓದುತ್ತಿದೆಯೇ ಎಂದು ನೋಡಿ, ನಂತರ ಇನ್ವರ್ಟರ್ ಅಳೆದು, ಮತ್ತೆ ಬ್ಯಾಟರಿಯ ಮೇಲೆ ಇಟ್ಟು ನೋಡಬೇಕು. ಮೀಟರಿನ ಲೀಡ್ ತುಂಡಾಗಿದ್ದರೂ ಅದು ಸೊನ್ನೆಯನ್ನೇ ತೋರಿಸುತ್ತದೆ ಎಂಬುದನ್ನು ನಮ್ಮ ಹುಡುಗರಿಗೆ ನಾನು ದಿನವೂ ಹೇಳುತ್ತೇನೆ.

ಮಾಲೀಕರಿಗೂ ಒಂದು ಮಾತು ಹೇಳಬೇಕಾಗಿದೆ. ಇಂಥ ಗಾಡಿ ದಾರಿಯಲ್ಲಿ ನಿಂತರೆ ಹಗ್ಗ ಕಟ್ಟಿ ಎಳೆಯಬಾರದು. ಮೋಟರಿಗೆ ಕೂಡಿದ ಚಕ್ರಗಳು ನೆಲದ ಮೇಲೆ ಉರುಳಿದರೆ ಅಯಸ್ಕಾಂತದ ರೋಟರ್ ತಿರುಗಿ ಮೋಟರ್ ತಾನೇ ಕರೆಂಟ್ ಹುಟ್ಟಿಸುತ್ತದೆ. ಗದಗಿನ ಆ ಮಾಲೀಕರು ಸುಮಾರು 60 ಕಿಲೋಮೀಟರಿಗೆ ಫ್ಲಾಟ್‌ಬೆಡ್ ಬಾಡಿಗೆ ಕೊಟ್ಟದ್ದು ಸರಿಯಾದ ಕೆಲಸವಾಗಿತ್ತು.

ಮೊದಲ ಅರ್ಧ ಗಂಟೆ ಸ್ಕ್ಯಾನರಿನ ಮುಂದೆ

ಸಂಕೇತವನ್ನು ಕಂಡ ಕೂಡಲೇ ಅಳಿಸಬಾರದು. ಅಳಿಸಿದರೆ ಅದರ ಜೊತೆಗೆ ದಾಖಲಾಗಿರುವ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ದೋಷ ಬಂದ ಕ್ಷಣದಲ್ಲಿ ಗಾಡಿ ಎಷ್ಟು ವೇಗದಲ್ಲಿತ್ತು, ಮೋಟರಿನ ಉಷ್ಣತೆ ಎಷ್ಟಿತ್ತು, ಆಕ್ಸಿಲರೇಟರ್ ಎಷ್ಟು ಒತ್ತಿತ್ತು ಎಂಬ ಅಂಕಿಗಳು ಬೇರೆಲ್ಲಿಯೂ ಸಿಗುವುದಿಲ್ಲ. ನಾವು ಅವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಜಾಬ್ ಕಾರ್ಡಿಗೆ ಹಚ್ಚುತ್ತೇವೆ. ನಂತರ 12 ವೋಲ್ಟ್ ಬ್ಯಾಟರಿಯನ್ನು ನೋಡುತ್ತೇವೆ. ಗಾಡಿ ಬಂದ್ ಇದ್ದಾಗ ಸುಮಾರು 12.6 ವೋಲ್ಟ್, ರೆಡಿ ಸ್ಥಿತಿಯಲ್ಲಿ (ಗಾಡಿ ಓಡಲು ಸಿದ್ಧವಾಗಿರುವಾಗ) ಡಿಸಿ ಕನ್ವರ್ಟರ್ ಚಾರ್ಜ್ ಮಾಡುತ್ತಿರುವಾಗ ಹೆಚ್ಚು ಕಡಿಮೆ 13.5 ರಿಂದ 14.5 ವೋಲ್ಟ್ ಇರಬೇಕು. ಬ್ಯಾಟರಿ ಬಲ ಕುಂದಿದ್ದರೆ ಸಂಬಂಧವಿಲ್ಲದ ಹತ್ತಾರು ಸಂಕೇತಗಳು ಒಟ್ಟಿಗೆ ಬಂದು ದಾರಿ ತಪ್ಪಿಸುತ್ತವೆ. ಆದ್ದರಿಂದ ಅದನ್ನು ಸರಿಪಡಿಸದೆ ಮುಂದೆ ಹೋಗಬಾರದು.

ಗಾಡಿ ಓಡುವ ಸ್ಥಿತಿಯಲ್ಲಿದ್ದರೆ ಲೈವ್ ಡೇಟಾದಲ್ಲಿ ಮೋಟರಿನ ವೇಗವನ್ನೂ ಚಕ್ರದ ವೇಗವನ್ನೂ ಒಟ್ಟಿಗೆ ನೋಡಬಹುದು. ಚಕ್ರದ ಸುತ್ತಳತೆ 2 ಮೀಟರ್, ಗೇರ್ ಅನುಪಾತ 9 ಇರುವ ಎಲೆಕ್ಟ್ರಿಕ್ ಕಾರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಮೋಟರ್ ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗಬೇಕು. ಗಾಡಿ ಒಂದೇ ವೇಗದಲ್ಲಿ ಹೋಗುತ್ತಿರುವಾಗ ಈ ಅಂಕಿ ಜಿಗಿದರೆ ಅಥವಾ ಕ್ಷಣಕಾಲ ಸೊನ್ನೆಗೆ ಬಿದ್ದರೆ ಸಿಗ್ನಲ್ ಎಲ್ಲಿಯೋ ಕಡಿಯುತ್ತಿದೆ ಎಂದರ್ಥ. ಆಕ್ಸಿಲರೇಟರನ್ನು ಜೋರಾಗಿ ಒತ್ತಿದಾಗ ಮಾತ್ರ ಜಿಗಿದರೆ ಶೀಲ್ಡ್ ಮೇಲೆ ಅನುಮಾನ ಪಡಬೇಕು. ಆಗ ಫೇಸ್ ಕೇಬಲ್‌ಗಳಲ್ಲಿ ಹರಿಯುವ ದೊಡ್ಡ ಕರೆಂಟಿನ ಗದ್ದಲ ರಿಸಾಲ್ವರಿನ ಸಣ್ಣ ಸಿಗ್ನಲಿಗೆ ಸೇರಿಕೊಳ್ಳುತ್ತದೆ. ಅಪಘಾತವಾಗಿ ರಿಪೇರಿ ಆದ ಗಾಡಿಗಳಲ್ಲಿ ವೈರಿಂಗನ್ನು ಮೂಲ ಕ್ಲಿಪ್ಪುಗಳಿಗೆ ಹಾಕದೆ ಕಿತ್ತಳೆ ಕೇಬಲ್ಲಿಗೆ ತಾಗಿಸಿ ಟೈ ಬಿಗಿದಿರುವುದನ್ನು, ಶೀಲ್ಡಿನ ಅರ್ಥ್ ತುದಿಯನ್ನು ಹಾಗೆಯೇ ಬಿಟ್ಟಿರುವುದನ್ನು ಎರಡು ಸಲ ಕಂಡಿದ್ದೇನೆ.

ಓಮ್ ಅಳತೆ

ಇಡೀ ಕೆಲಸದ ಜೀವಾಳ ಇದು. ಅಳತೆಯನ್ನು ಮೋಟರಿನ ಹತ್ತಿರ ಆರಂಭಿಸದೆ ಕಂಟ್ರೋಲ್ ಯೂನಿಟ್ ಅಥವಾ ಇನ್ವರ್ಟರಿನ ತುದಿಯಲ್ಲಿ ಆರಂಭಿಸಬೇಕು. ಅಲ್ಲಿಯ ಕನೆಕ್ಟರನ್ನು ಬಿಚ್ಚಿ, ವೈರಿಂಗಿನ ಕಡೆಯಿಂದ ಮೂರೂ ಜೋಡಿಗಳನ್ನು ಅಳೆದರೆ ವೈರು, ನಡುವಿನ ಕನೆಕ್ಟರ್, ಸುರುಳಿ ಎಲ್ಲವೂ ಒಂದೇ ಅಳತೆಯಲ್ಲಿ ಬರುತ್ತವೆ. ಈ ಸುರುಳಿಗಳ ಪ್ರತಿರೋಧ ಹೆಚ್ಚಿನ ಗಾಡಿಗಳಲ್ಲಿ ಕೆಲವು ಓಮ್‌ನಿಂದ ಕೆಲವು ಹತ್ತು ಓಮ್‌ವರೆಗೆ ಇರುತ್ತದೆ. ಸರಿಯಾದ ಅಂಕಿಯನ್ನು ಆಯಾ ಗಾಡಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಸೈನ್ ಮತ್ತು ಕೊಸೈನ್ ಸುರುಳಿಗಳು ಸಾಮಾನ್ಯವಾಗಿ ಹತ್ತಿರ ಹತ್ತಿರ ಒಂದೇ ಅಂಕಿ ತೋರಿಸುತ್ತವೆ. ಅವೆರಡರಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಕೈಪಿಡಿ ತೆರೆಯುವ ಮೊದಲೇ ಏನೋ ತಪ್ಪಿದೆ ಎಂದು ತಿಳಿಯುತ್ತದೆ.

ಕೈಪಿಡಿಯ ಅಂಕಿ ಬಹುಮಟ್ಟಿಗೆ 20 ಡಿಗ್ರಿ ಸೆಲ್ಸಿಯಸ್‌ಗೆ ಸಂಬಂಧಿಸಿರುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಶೆಡ್ಡಿನ ಒಳಗೆ 40 ಡಿಗ್ರಿ ಇರುವುದು ಹೊಸದೇನಲ್ಲ. ತಾಮ್ರದ ಪ್ರತಿರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಪ್ರತಿಶತ ಏರುತ್ತದೆ. 20 ಡಿಗ್ರಿಯಲ್ಲಿ 15 ಓಮ್ ಇದ್ದ ಸುರುಳಿ 40 ಡಿಗ್ರಿಯಲ್ಲಿ 16.2 ಓಮ್, ಈಗಷ್ಟೇ ಓಡಿ ಬಂದು 90 ಡಿಗ್ರಿ ಕಾದಿರುವ ಮೋಟರಿನಲ್ಲಿ 19 ಓಮ್ ತೋರಿಸಿದರೆ ಅದು ದೋಷವಲ್ಲ. ಈ ಲೆಕ್ಕವನ್ನು ಮರೆತು ಒಳ್ಳೆಯ ಸೆನ್ಸರನ್ನು ಕೆಟ್ಟದ್ದೆಂದು ಬರೆದುಕೊಡುವ ಸಂಭವ ಬಹಳ. ಮೀಟರಿನ ಎರಡು ಲೀಡ್‌ಗಳನ್ನು ಒಂದಕ್ಕೊಂದು ಮುಟ್ಟಿಸಿ ಬರುವ ಅಂಕಿಯನ್ನು ಕಳೆಯುವುದನ್ನೂ ಮರೆಯಬಾರದು.

ನಂತರ ಒಂದು ಸುರುಳಿಗೂ ಇನ್ನೊಂದಕ್ಕೂ, ಪ್ರತಿಯೊಂದು ಸುರುಳಿಗೂ ಬಾಡಿಗೂ, ಸುರುಳಿಗೂ ಶೀಲ್ಡಿಗೂ ನಡುವೆ ಮೀಟರಿನ ಅತಿ ದೊಡ್ಡ ರೇಂಜಿನಲ್ಲಿ ಅಳೆದು, ಎಲ್ಲಿಯೂ ಸಂಪರ್ಕ ಇಲ್ಲವೆಂದು ನೋಡಿಕೊಳ್ಳಬೇಕು. ಕೆಲವು ಸಾವಿರ ಓಮ್ ಕಂಡರೂ ನೀರು ಹೊಕ್ಕಿದೆ ಎಂದು ಅನುಮಾನಿಸಬೇಕು. ಮೋಟರಿನ ದೊಡ್ಡ ಸುರುಳಿಗೆ ಹಚ್ಚುವ 500 ವೋಲ್ಟಿನ ಮೆಗ್ಗರನ್ನು (ಇನ್ಸುಲೇಷನ್ ಪರೀಕ್ಷಿಸುವ ಮೀಟರ್), ಕೈಪಿಡಿ ಸ್ಪಷ್ಟವಾಗಿ ಹೇಳದ ಹೊರತು, ಈ ಸಣ್ಣ ಸುರುಳಿಗಳಿಗೆ ಹಚ್ಚಬಾರದು. ಕಂಟ್ರೋಲ್ ಯೂನಿಟ್ ಜೋಡಿಸಿರುವಾಗ ಹಚ್ಚಿದರಂತೂ ಅದು ಸುಟ್ಟು ಹೋಗುತ್ತದೆ.

ಗದಗಿನ ಕಾರಿನಲ್ಲಿ ಮೊದಲ ಅಳತೆಗೆ ಮೂರೂ ಜೋಡಿಗಳು ಸರಿ ಇದ್ದವು. ಬೆಳಿಗ್ಗೆ ಛಲೋ ಓಡುವ ಗಾಡಿ ಬೆಳಿಗ್ಗೆ ಸರಿಯಾದ ಅಂಕಿಯನ್ನೇ ಕೊಡುತ್ತದೆ. ಇಲ್ಲಿಯೇ ಹಲವರು ವೈರಿಂಗ್ ಸರಿ ಇದೆ ಎಂದು ಬರೆದು ಮುಂದೆ ಹೋಗುತ್ತಾರೆ. ನಾವು ಮೀಟರನ್ನು ಕೊಸೈನ್ ಜೋಡಿಗೆ ಹಚ್ಚಿಯೇ ಇಟ್ಟು, ಒಬ್ಬ ಹುಡುಗ ಪರದೆಯ ಮೇಲೆ ಕಣ್ಣಿಟ್ಟು ಕೂತಿರುವಂತೆ ಹೇಳಿ, ವೈರಿಂಗನ್ನು ಇನ್ವರ್ಟರಿನ ತುದಿಯಿಂದ ಮೋಟರಿನ ಕಡೆಗೆ ಗೇಣು ಗೇಣಾಗಿ ಮೆಲ್ಲಗೆ ಅಲುಗಾಡಿಸುತ್ತ ಬಂದೆವು. ಏನೂ ಆಗಲಿಲ್ಲ. ಹೇರ್ ಡ್ರೈಯರಿನಿಂದ ಮೋಟರಿನ ಕನೆಕ್ಟರಿಗೆ ಬಿಸಿ ಗಾಳಿ ಬಿಟ್ಟು ಐದಾರು ನಿಮಿಷದ ನಂತರ ಮತ್ತೆ ಅಲುಗಾಡಿಸಿದಾಗ ಅಂಕಿ 15ರಿಂದ ಒಮ್ಮೆಲೇ ಓಪನ್‌ಗೆ (ಸಂಪರ್ಕವೇ ಇಲ್ಲದ ಸ್ಥಿತಿಗೆ) ಹಾರಿ, ಕೈ ಬಿಟ್ಟ ಕೂಡಲೇ 15ಕ್ಕೆ ಮರಳಿತು. ಕನೆಕ್ಟರ್ ಬಿಚ್ಚಿ ಟಾರ್ಚ್ ಹಾಕಿ ಅಡ್ಡ ಹಿಡಿದು ನೋಡಿದರೆ ಆರು ಪಿನ್‌ಗಳಲ್ಲಿ ಐದು ಒಂದೇ ಸಾಲಿನಲ್ಲಿದ್ದವು. ಆರನೆಯದು ಒಂದು ಜೋಳದ ಕಾಳಿನ ಅರ್ಧದಷ್ಟು ಹಿಂದಕ್ಕೆ ಸರಿದಿತ್ತು. ಅದರ ಲಾಕ್ ನಾಲಿಗೆ ಮುರಿದಿತ್ತು. ತಂಪಿದ್ದಾಗ ತುದಿಗೆ ತುದಿ ತಾಗಿಕೊಂಡಿರುತ್ತಿದ್ದ ಪಿನ್, ಪ್ಲಾಸ್ಟಿಕ್ ಕಾದು ಸಡಿಲಾದಾಗ ರಸ್ತೆಯ ಕುಲುಕಾಟಕ್ಕೆ ಬಿಟ್ಟುಹೋಗುತ್ತಿತ್ತು. ಬೆಳಿಗ್ಗೆ ಸರಿ, ಬಿಸಿಲೇರಿದರೆ ಬಂದ್ ಎಂದು ಮಾಲೀಕರು ಹೇಳಿದ್ದಕ್ಕೆ ಕಾರಣ ಅದೇ ಆಗಿತ್ತು.

ಕನೆಕ್ಟರ್ ನೋಡುವಾಗ ಪಿನ್‌ಗಳ ಎತ್ತರದ ಜೊತೆಗೆ ಹಸಿರು ಕಿಲುಬು, ರಬ್ಬರ್ ಸೀಲಿನ ಸ್ಥಿತಿ, ಹೆಣ್ಣು ಪಿನ್ನಿನ ಬಿಗಿತ ಇವನ್ನೂ ನೋಡಬೇಕು. ಹೆಣ್ಣು ಪಿನ್ನಿನೊಳಗೆ ದಪ್ಪ ಮೀಟರ್ ಲೀಡ್ ತುರುಕಿದರೆ ಅದರ ಬಾಯಿ ಅಗಲವಾಗಿ ನಾವೇ ಹೊಸ ದೋಷವನ್ನು ಹುಟ್ಟಿಸಿದಂತಾಗುತ್ತದೆ. ಅದೇ ಅಳತೆಯ ಬಿಡಿ ಗಂಡು ಪಿನ್ನಿಗೆ ವೈರ್ ಕಟ್ಟಿ ಅದನ್ನು ಹಾಕಿ ಅಳೆಯಬೇಕು. ವೈರಿನ ಇನ್ಸುಲೇಷನ್ ಚುಚ್ಚಿ ಅಳೆಯುವ ಅಭ್ಯಾಸವನ್ನು ಪೂರ್ತಿ ಬಿಡಬೇಕು, ಏಕೆಂದರೆ ಆ ತೂತಿನಿಂದ ಮುಂದಿನ ಮಳೆಗಾಲದಲ್ಲಿ ನೀರು ಹೊಕ್ಕು ತಾಮ್ರ ಕೊಳೆಯುತ್ತದೆ. ಎರಡು ಮೋಟರ್‌ಗಳಿರುವ ಹೈಬ್ರಿಡ್‌ಗಳಲ್ಲಿ ಎರಡು ರಿಸಾಲ್ವರ್ ಕನೆಕ್ಟರುಗಳು ಹತ್ತಿರವೇ ಇರಬಹುದು. ಬಿಚ್ಚುವ ಮೊದಲು ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ನಮ್ಮ ಭಾಗದ ಎರಡು ಕಾರಣಗಳನ್ನು ವಿಶೇಷವಾಗಿ ಹೇಳಬೇಕು. ಮೊದಲನೆಯದು ಇಲಿ. ಕಾಳಿನ ಗೋದಾಮು, ಹೊಲದ ಮನೆ, ಹಳೆಯ ವಾಡೆಗಳ ಅಂಗಳದಲ್ಲಿ ರಾತ್ರಿ ನಿಲ್ಲುವ ಗಾಡಿಗಳಲ್ಲಿ ಇಲಿ ಕಡಿದ ವೈರುಗಳು ವರ್ಷವಿಡೀ ಸಿಗುತ್ತವೆ. ಎರಡನೆಯದು ಎರೆಮಣ್ಣು. ಮಳೆಗಾಲದಲ್ಲಿ ನರಗುಂದ, ನವಲಗುಂದ, ಅಣ್ಣಿಗೇರಿ ಸುತ್ತಿನ ಕರಿ ಎರೆ ಗಾಡಿಯ ಅಡಿಗೆ ಮೆತ್ತಿಕೊಂಡು, ಒಣಗಿದ ಮೇಲೆ ಕಲ್ಲಿನಂತಾಗಿ, ಕ್ಲಿಪ್ಪುಗಳಿಂದ ವೈರಿಂಗನ್ನು ಕೆಳಗೆ ಜಗ್ಗುತ್ತದೆ. ಆ ಮಣ್ಣು ತೇವವನ್ನು ಬಹಳ ದಿನ ಹಿಡಿದಿಡುವುದರಿಂದ ಸೀಲ್ ಹರಿದ ಕನೆಕ್ಟರಿಗೆ ಹೊರಗಿನ ರಸ್ತೆ ಒಣಗಿದ ಮೇಲೂ ನೀರು ಸಿಗುತ್ತಲೇ ಇರುತ್ತದೆ. ಹಾಗೆಂದು ಪ್ರೆಷರ್ ವಾಷರಿನಿಂದ ಕನೆಕ್ಟರುಗಳಿಗೇ ನೇರವಾಗಿ ನೀರು ಹೊಡೆಯಬಾರದು.

ಕಂಟಿನ್ಯುಟಿ ಬಜರ್ ಕೂಗಿದರೆ ವೈರು ಸರಿ ಇದೆ ಎಂದು ನಂಬುವವರು ಬಹಳ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಬಜರ್ ಕೂಗುತ್ತದೆ. ವೈರಿನ ಎರಡೂ ತುದಿಯ ಕನೆಕ್ಟರುಗಳನ್ನು ಬಿಚ್ಚಿದ ನಂತರ, ಆ ಒಂದೇ ವೈರಿನ ಮೂಲಕ 12 ವೋಲ್ಟಿನ 5 ವಾಟ್ ಬಲ್ಬ್ ಉರಿಸಿ ನೋಡಿದರೆ ಹರಿದ ವೈರಿನಲ್ಲಿ ಬಲ್ಬ್ ಮಂಕಾಗುತ್ತದೆ, ಅಲುಗಾಡಿಸಿದಾಗ ಮಿನುಗುತ್ತದೆ. ಎರಡೂ ತುದಿ ಬಿಚ್ಚಿದೆಯೇ ಎಂದು ಎರಡು ಸಲ ನೋಡಿಯೇ ಇದನ್ನು ಮಾಡಬೇಕು.

ಓಮ್ ಸರಿ ಇದ್ದೂ ದೋಷ ಉಳಿದರೆ

ಆಗ ಸಿಗ್ನಲಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಬೇಕು. ಸಾಮಾನ್ಯ ಮಲ್ಟಿಮೀಟರ್‌ಗಳ ಎಸಿ ರೇಂಜ್ ಕೆಲವು ನೂರು ಹರ್ಟ್ಸ್, ಹೆಚ್ಚೆಂದರೆ ಒಂದು ಕಿಲೋಹರ್ಟ್ಸ್‌ವರೆಗೆ ಮಾತ್ರ ನಂಬಿಕಸ್ತವಾಗಿರುವುದರಿಂದ 10 ಕಿಲೋಹರ್ಟ್ಸ್ ಸಿಗ್ನಲನ್ನು ಅದರಲ್ಲಿ ಅಳೆದು ‘ವೋಲ್ಟೇಜ್ ಕಡಿಮೆ ಇದೆ’ ಎಂದು ನಿರ್ಣಯಿಸುವುದು ತಪ್ಪು. ಎಲ್ಲ ಕನೆಕ್ಟರುಗಳನ್ನು ಜೋಡಿಸಿ, 12 ವೋಲ್ಟ್ ಬ್ಯಾಟರಿಯನ್ನು ಮತ್ತೆ ಕೂಡಿಸಿ, ಇಗ್ನಿಷನ್ ಆನ್ ಮಾಡಿ, ರೆಡಿ ಸ್ಥಿತಿಗೆ ತರದೆ, ಕನೆಕ್ಟರಿನ ಹಿಂಬದಿಯಿಂದ ತೆಳು ಪಿನ್ ಇಳಿಸಿ ಪ್ರಚೋದಕ ಸಿಗ್ನಲನ್ನು ನೋಡಬೇಕು. ಸರ್ವಿಸ್ ಪ್ಲಗ್ ಹೊರಗಿದ್ದರೂ ಹೆಚ್ಚಿನ ಗಾಡಿಗಳಲ್ಲಿ ಈ ಸಿಗ್ನಲ್ ಬರುತ್ತದೆ. ಪ್ಲಗ್ ಇಲ್ಲದ್ದಕ್ಕೆ ಬೇರೆ ಸಂಕೇತ ಬಂದರೆ ಅದನ್ನು ಕೊನೆಗೆ ಅಳಿಸಬಹುದು. ಪ್ರಚೋದಕ ಅಲೆ ಒಂದೇ ಎತ್ತರದಲ್ಲಿ ಸ್ವಚ್ಛವಾಗಿರಬೇಕು. ಅದೇ ಇಲ್ಲದಿದ್ದರೆ, ಮತ್ತು ಓಮ್ ಅಳತೆ ಸರಿ ಇದ್ದರೆ, ಅನುಮಾನ ಕಂಟ್ರೋಲ್ ಯೂನಿಟ್ ಮೇಲೆ ಹೋಗುತ್ತದೆ. ಅದು ಇದ್ದು, ಸೈನ್ ಅಥವಾ ಕೊಸೈನ್ ಬಾರದಿದ್ದರೆ ಆ ಸುರುಳಿಯ ಕಡೆ ಮರಳಬೇಕು.

ಚಕ್ರವನ್ನು ಕೈಯಿಂದ ತಿರುಗಿಸಿದಾಗ ಸೈನ್ ಏರಿದರೆ ಕೊಸೈನ್ ಇಳಿಯಬೇಕು, ಒಂದು ಗರಿಷ್ಠಕ್ಕೆ ಮುಟ್ಟಿದಾಗ ಇನ್ನೊಂದು ಹತ್ತಿರ ಹತ್ತಿರ ಸೊನ್ನೆಗೆ ಬರಬೇಕು. ಇಲ್ಲಿ ಹೊಸಬರು ಎಡವುವ ಒಂದು ಸಂಗತಿಯಿದೆ. ಎರಡೂ ಚಕ್ರಗಳನ್ನು ಎತ್ತಿ, ನ್ಯೂಟ್ರಲಿಗೆ ಹಾಕಿ, ಒಂದೇ ಚಕ್ರ ತಿರುಗಿಸಿದರೆ ಡಿಫರೆನ್ಷಿಯಲ್ಲಿನಿಂದಾಗಿ ಇನ್ನೊಂದು ಚಕ್ರ ಉಲ್ಟಾ ತಿರುಗುತ್ತದೆ, ಮೋಟರ್ ನಿಂತಲ್ಲೇ ಇರುತ್ತದೆ. ಸಿಗ್ನಲ್ ಬದಲಾಗದ್ದನ್ನು ನೋಡಿ ಸೆನ್ಸರ್ ಸತ್ತಿದೆ ಎಂದುಕೊಳ್ಳುವುದು ಸುಲಭ. ಒಬ್ಬರು ಆ ಕಡೆಯ ಚಕ್ರವನ್ನು ಗಟ್ಟಿಯಾಗಿ ಹಿಡಿದಿರಬೇಕು.

ಉಷ್ಣತಾ ಸೆನ್ಸರ್

ಇದರ ಪರೀಕ್ಷೆ ಸುಲಭ. ಅದು ಬಿಸಿಯಾದಂತೆ ಪ್ರತಿರೋಧ ಕಡಿಮೆಯಾಗುವ ಥರ್ಮಿಸ್ಟರ್. ವೈರು ತುಂಡಾದರೆ ಸಿಗ್ನಲ್ ವೋಲ್ಟೇಜ್ ಏರಿ ಸ್ಕ್ಯಾನರಿನಲ್ಲಿ ಸಾಮಾನ್ಯವಾಗಿ ಮೈನಸ್ 40 ಡಿಗ್ರಿ ಕಾಣುತ್ತದೆ, ಶಾರ್ಟ್ ಆದರೆ ಸಾಧ್ಯವೇ ಇಲ್ಲದಷ್ಟು ಬಿಸಿ ಕಾಣುತ್ತದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮೋಟರ್, ಇನ್ವರ್ಟರ್ ಕೂಲಂಟ್, ಹೊರಗಿನ ಗಾಳಿ, ಮೂರರ ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಅವು ಕೆಲವೇ ಡಿಗ್ರಿಗಳ ಅಂತರದಲ್ಲಿರಬೇಕು. ಯಾವುದಾದರೂ ಒಂದು ಬೇರೆಯಾಗಿ ನಿಂತರೆ ದೋಷ ಅದರಲ್ಲಿದೆ. ಬೆಳಿಗ್ಗೆ ಮೂರೂ ಸರಿ ಇದ್ದು, ಓಡಿದ ಮೇಲೆ ಮೋಟರ್ ಮಾತ್ರ ವಿಪರೀತ ಕಾಯುತ್ತಿದ್ದರೆ ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು. ಆಗ ಕೂಲಂಟ್ ಮಟ್ಟ ಮತ್ತು ಅದರ ಎಲೆಕ್ಟ್ರಿಕ್ ಪಂಪನ್ನು ನೋಡಬೇಕು.

ರಿಪೇರಿಯ ನಂತರ

ಮೋಟರ್, ಇನ್ವರ್ಟರ್ ಅಥವಾ ರಿಸಾಲ್ವರ್ ಬದಲಿಸಿದ್ದರೆ ರೋಟರಿನ ಶೂನ್ಯ ಕೋನವನ್ನು ಕಂಟ್ರೋಲ್ ಯೂನಿಟ್ಟಿಗೆ ಸ್ಕ್ಯಾನರ್ ಮೂಲಕ ಮತ್ತೆ ಕಲಿಸಬೇಕಾಗುತ್ತದೆ. ಕಲಿಸದೆ ಬಿಟ್ಟರೆ ಹೊಸ ಭಾಗ ಹಾಕಿದ ಮೇಲೂ ಗಾಡಿ ಏರಿಗೆ ಜಗ್ಗದೆ ನಡುಗಬಹುದು, ಅದೇ ಸಂಕೇತ ಮತ್ತೆ ಬರಬಹುದು. ಕೇವಲ ಪಿನ್ ಬದಲಿಸಿದ್ದಕ್ಕೆ ಇದು ಬೇಕಾಗುವುದಿಲ್ಲ. ರಿಸಾಲ್ವರಿನ ವೈರುಗಳು ಜೋಡಿ ಜೋಡಿಯಾಗಿ ಹೊಸೆದಿರುತ್ತವೆ. ಅವನ್ನು ಜೋಡಿಸುವಾಗ ಹೊಸೆತ ಬಿಚ್ಚಿದ ಭಾಗ ಆದಷ್ಟು ಗಿಡ್ಡವಾಗಿರಬೇಕು, ಶೀಲ್ಡನ್ನು ಮತ್ತೆ ಕೂಡಿಸಬೇಕು, ಬರೀ ಟೇಪ್ ಸುತ್ತಿ ಬಿಡಬಾರದು.

ಗದಗಿನ ಕಾರಿಗೆ ಹೊಸ ಪಿನ್ ಹಾಕಿ, ಲಾಕ್ ಕೂತ ‘ಟಕ್’ ಸದ್ದು ಕೇಳಿ, ವೈರನ್ನು ಹಿಂದಿನಿಂದ ಮೆಲ್ಲಗೆ ಜಗ್ಗಿ ನೋಡಿ, ಮತ್ತೆ ಬಿಸಿ ಗಾಳಿ ಬಿಟ್ಟು ಅಲುಗಾಡಿಸಿದೆವು. ಅಂಕಿ ಅಲುಗಲಿಲ್ಲ. ಸಂಕೇತಗಳನ್ನು ಅಳಿಸಿ, ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿಯೇ ಮಾಲೀಕರನ್ನು ಪಕ್ಕದಲ್ಲಿ ಕೂಡಿಸಿಕೊಂಡು ನವಲೂರಿನ ಏರಿ ಹತ್ತಿ ಧಾರವಾಡದವರೆಗೆ ಹೋಗಿ ಬಂದೆವು. ಮರಳಿ ಬಂದು ಸ್ಕ್ಯಾನ್ ಮಾಡಿದಾಗ ಬಾಕಿ ಸಂಕೇತವೂ (ಇನ್ನೂ ಖಚಿತವಾಗದ ದೋಷದ ಗುರುತು) ಇರಲಿಲ್ಲ. ಮೂರು ಸುರುಳಿಗಳ ಓಮ್ ಅಂಕಿ, ಅಳೆದಾಗಿನ ಮೋಟರಿನ ಉಷ್ಣತೆ, ಬದಲಿಸಿದ ಪಿನ್ನಿನ ಸ್ಥಾನ, ಇಷ್ಟನ್ನೂ ಜಾಬ್ ಕಾರ್ಡಿನಲ್ಲಿ ಬರೆದು, ಹಳೆಯ ಪಿನ್ನನ್ನು ಒಂದು ಸಣ್ಣ ಪಾಕೀಟಿನಲ್ಲಿ ಹಾಕಿ ಅವರ ಕೈಗೆ ಕೊಟ್ಟು, ಹದಿನೈದು ದಿನದ ನಂತರ ಹುಬ್ಬಳ್ಳಿಗೆ ಬಂದಾಗ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿಕೊಂಡು ಹೋಗಿರೆಂದು ಹೇಳಿ ಕಳಿಸಿದೆವು.